"ಪ್ರಾರ್ಥಿಸುತ್ತೇನೆ" ಅಂತ ಟೈಪ್ ಮಾಡಿ ಮರೆತುಬಿಟ್ಟೆ. ಆ ಅಜ್ಜಿಗೆ ಏನು ಹೇಳಲಿ?

ಕೋಲಾರದ ಟೀಚರ್

ಎಲ್ಲರಿಗೂ ವಂದನೆ. ಎಂಟು ದಿನದಿಂದ ಒಂದು ವಿಷಯ ಮನಸ್ಸನ್ನು ಕೊರೆಯುತ್ತಿದೆ. ಮನೆಯಲ್ಲಿ ಹೇಳಿಕೊಳ್ಳಲು ಆಗಲಿಲ್ಲ, ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ಚರ್ಚಿನ ಸಭೆಯ ಮಹಿಳಾ ಕೂಟಕ್ಕೆ ಒಂದು ವಾಟ್ಸಾಪ್ ಗುಂಪಿದೆ. ದಿನಕ್ಕೆ ಐದಾರು ಪ್ರೇಯರ್ ರಿಕ್ವೆಸ್ಟ್ ಬರುತ್ತವೆ. ಒಬ್ಬರ ಅಮ್ಮನಿಗೆ ಡಯಾಲಿಸಿಸ್. ಒಬ್ಬರ ಮಗನಿಗೆ ಕೆಲಸ ಸಿಗಬೇಕು. ಇನ್ನೊಬ್ಬರು ಬೋರ್‌ವೆಲ್ ಕೊರೆಸುತ್ತಿದ್ದಾರೆ, ನೀರು ಸಿಗಬೇಕು. ನಾನು ಸ್ಟಾಫ್ ರೂಮಿನಲ್ಲಿ ಕೂತು "ಖಂಡಿತ ಪ್ರಾರ್ಥಿಸುತ್ತೇನೆ" ಅಂತ ಹಾಕಿ, ಕೈಮುಗಿದ ಚಿತ್ರ ಒತ್ತುತ್ತೇನೆ. ಬೆಲ್ ಹೊಡೆಯುತ್ತದೆ. ಕ್ಲಾಸಿಗೆ ಹೋಗುತ್ತೇನೆ. ಅಲ್ಲಿಗೆ ಮುಗಿಯಿತು.

ಹೋದ ಭಾನುವಾರ ಆರಾಧನೆ ಆದ ಮೇಲೆ ಒಬ್ಬ ಅಜ್ಜಿ ಬಂದು ನನ್ನ ಎರಡೂ ಕೈ ಹಿಡಿದುಕೊಂಡರು. "ನಮ್ಮ ಹುಡುಗನಿಗೋಸ್ಕರ ನೀನು ಪ್ರಾರ್ಥನೆ ಮಾಡ್ತಿದ್ದೀಯಲ್ಲಮ್ಮಾ, ಆ ಧೈರ್ಯದಲ್ಲೇ ರಾತ್ರಿ ಕಣ್ಣು ಮುಚ್ತೀನಿ" ಅಂದರು. ನಾನು ಒಂದು ಸಲವೂ ಮಾಡಿರಲಿಲ್ಲ. ಆ ಮೊಮ್ಮಗನ ಹೆಸರು ಕೂಡ ನನಗೆ ಗೊತ್ತಿಲ್ಲ. ಸುಮ್ನೆ ತಲೆಯಾಡಿಸಿ ಬಂದೆ.

ನನಗೆ ಎರಡು ಪ್ರಶ್ನೆ. ದೇವರಿಗೆ ಎಲ್ಲವೂ ಗೊತ್ತಿರುವಾಗ ಇನ್ನೊಬ್ಬರ ಕಷ್ಟವನ್ನು ನಾನು ಹೋಗಿ ಹೇಳಿದರೆ ಏನಾಗುತ್ತದೆ? ಮತ್ತೆ, ಆ ಅಜ್ಜಿಗೆ ನಿಜ ಹೇಳಬೇಕಾ?

ಬಂಗಾರಪೇಟೆ ಪ್ಯಾಸೆಂಜರ್

ಟೀಚರ್, ಓದಿ ಎದೆ ಧಸಕ್ಕೆಂದಿತು. ನಾನೂ ಇದನ್ನೇ ಮಾಡುತ್ತೇನೆ. ಈಗೀಗ ಒಂದು ಅಭ್ಯಾಸ ಮಾಡಿಕೊಂಡಿದ್ದೇನೆ. ಪ್ರಾರ್ಥನೆ ಮಾಡಿದ ಮೇಲೆಯೇ ಉತ್ತರ ಟೈಪ್ ಮಾಡುವುದು. ರೈಲಿನಲ್ಲಿ ನಿಂತಿದ್ದರೂ ಸರಿ, ಅರ್ಧ ನಿಮಿಷವಾದರೂ ಸರಿ. ಆಗ "ಪ್ರಾರ್ಥಿಸಿದೆ" ಅಂತ ಬರೆಯಬಹುದು.

ಅಯ್ಯನವರ ಮಗ

ಅಕ್ಕ, ಮೊದಲನೇ ಪ್ರಶ್ನೆಗೆ ನಮ್ಮ ತಂದೆ ಕೊಡುತ್ತಿದ್ದ ಉತ್ತರ ಹೇಳುತ್ತೇನೆ. ಮತ್ತಾಯ 6ರಲ್ಲಿ ಯೇಸು, ನೀವು ಕೇಳುವ ಮೊದಲೇ ನಿಮಗೆ ಏನು ಬೇಕೆಂದು ತಂದೆಗೆ ಗೊತ್ತು ಅನ್ನುತ್ತಾನೆ. ಹಾಗಂದ ಮೇಲೆ "ಹಾಗಾದರೆ ಸುಮ್ಮನಿರಿ" ಅನ್ನಬೇಕಿತ್ತು ಅಲ್ವಾ? ಅದರ ಮುಂದಿನ ಮಾತಿನಲ್ಲೇ ಪ್ರಾರ್ಥನೆ ಕಲಿಸುತ್ತಾನೆ. ಆ ಪ್ರಾರ್ಥನೆಯಲ್ಲಿ "ನನಗೆ" ಅನ್ನುವ ಮಾತು ಒಂದೇ ಒಂದು ಕಡೆಯೂ ಇಲ್ಲ. ನಮ್ಮ ತಂದೆಯೇ, ನಮ್ಮ ಆಹಾರ, ನಮ್ಮ ತಪ್ಪು. ರೊಟ್ಟಿ ಕೇಳುವಾಗಲೂ ಪಕ್ಕದ ಮನೆಯವರಿಗೂ ಸೇರಿಸಿ ಕೇಳುತ್ತಿದ್ದೇವೆ. ಇದು ದೇವರಿಗೆ ಸುದ್ದಿ ಮುಟ್ಟಿಸುವುದಲ್ಲ. ಮಕ್ಕಳು ಒಬ್ಬರ ಪರವಾಗಿ ಒಬ್ಬರು ಅಪ್ಪನ ಹತ್ತಿರ ಮಾತಾಡುವುದು. ಅದು ತಂದೆಗೆ ಇಷ್ಟ.

ಪ್ರವಾದಿ ಸಮುವೇಲನಂತೂ ಇನ್ನೂ ಗಟ್ಟಿಯಾಗಿ ಹೇಳಿದ. ಜನ ಅವನನ್ನು ಬದಿಗೆ ಸರಿಸಿ ಅರಸ ಬೇಕು ಅಂದರು. ಅವನಿಗೆ ನೋವಾಗಿತ್ತು. ಆದರೂ ನಿಮಗಾಗಿ ಪ್ರಾರ್ಥಿಸುವುದನ್ನು ಬಿಟ್ಟರೆ ನನಗೆ ಪಾಪ ಅಂದ. 1 ಸಮುವೇಲ 12 ಓದಿ. ಹಾಗಾಗಿ ಇದು ಮನಸ್ಸಾದರೆ ಮಾಡುವ ಉಪಕಾರ ಅಲ್ಲ.

ನರಸಾಪುರ ಶಿಫ್ಟ್

ಅಬ್ರಹಾಮ ಸೊದೋಮ್ ಊರಿಗೋಸ್ಕರ ಬೇಡಿಕೊಂಡ. 50 ಜನ ನೀತಿವಂತರಿಂದ ಶುರು ಮಾಡಿ 10ಕ್ಕೆ ತಂದ. ಕೊನೆಗೆ ಊರು ಸುಟ್ಟೇ ಹೋಯಿತಲ್ಲ? ಯಾರನ್ನೂ ನೋಯಿಸಲು ಕೇಳುತ್ತಿಲ್ಲ, ಇದು ನನಗೆ ನಿಜವಾಗಿ ಅರ್ಥವಾಗಿಲ್ಲ.

ಅಯ್ಯನವರ ಮಗ

ಅಣ್ಣ, ಆದಿಕಾಂಡ 19:29 ನೋಡಿ. ದೇವರು ಅಬ್ರಹಾಮನನ್ನು ನೆನಪು ಮಾಡಿಕೊಂಡು, ಅಲ್ಲಿದ್ದ ಅವನ ಸಹೋದರನ ಮಗ ಲೋಟನನ್ನು ಆ ನಾಶದಿಂದ ಹೊರಗೆ ಕಳಿಸಿದ ಅಂತ ಇದೆ. ಅಬ್ರಹಾಮ ತನ್ನ ಪ್ರಾರ್ಥನೆಯಲ್ಲಿ ಲೋಟನ ಹೆಸರನ್ನೇ ಎತ್ತಿರಲಿಲ್ಲ! ಅವನು ಕೇಳಿದ್ದು ಆಗಲಿಲ್ಲ. ಅವನ ಮನಸ್ಸಿನಲ್ಲಿ ಇದ್ದದ್ದು ಆಯಿತು.

ನರಸಾಪುರ ಶಿಫ್ಟ್

ಇದನ್ನು ನಾನು ಗಮನಿಸಿರಲಿಲ್ಲ. ಸರಿ.

ಆದರೂ ಇನ್ನೊಂದು ಇದೆ. ಅಮೆರಿಕದಲ್ಲಿ ಒಂದು ದೊಡ್ಡ ಪ್ರಯೋಗ ಮಾಡಿ 2006ರಲ್ಲಿ ಪ್ರಕಟಿಸಿದರು. 6 ಆಸ್ಪತ್ರೆ, ಬೈಪಾಸ್ ಆಪರೇಷನ್ ಆದ 1802 ರೋಗಿಗಳು. ಕೆಲವರಿಗೆ ಬೇರೆಯವರಿಂದ ಪ್ರಾರ್ಥನೆ ಮಾಡಿಸಿದರು, ಕೆಲವರಿಗೆ ಇಲ್ಲ. ಏನೂ ವ್ಯತ್ಯಾಸ ಕಾಣಲಿಲ್ಲ. ತಮಗಾಗಿ ಪ್ರಾರ್ಥನೆ ನಡೆಯುತ್ತಿದೆ ಎಂದು ಖಚಿತವಾಗಿ ಗೊತ್ತಿದ್ದವರಲ್ಲಿ ಆಪರೇಷನ್ ನಂತರದ ತೊಂದರೆ ಸ್ವಲ್ಪ ಜಾಸ್ತಿಯೇ ಇತ್ತು, 59%. ಖಚಿತವಾಗಿ ಗೊತ್ತಿಲ್ಲದ ಉಳಿದ ಎರಡು ಗುಂಪಿನಲ್ಲಿ, ಪ್ರಾರ್ಥನೆ ಮಾಡಿಸಿದವರಿಗೆ 52, ಮಾಡಿಸದವರಿಗೆ 51. ಇದಕ್ಕೆ ನಾವು ಏನು ಹೇಳಬೇಕು?

ವಾರ್ಡ್ ಸಿಸ್ಟರ್, ಚಿಕ್ಕಬಳ್ಳಾಪುರ

ಬ್ರದರ್, ಆ ಪ್ರಯೋಗದ ಬಗ್ಗೆ ನರ್ಸಿಂಗ್ ಓದುವಾಗ ನಮಗೂ ಹೇಳಿದ್ದರು. ಅಲ್ಲಿ ಪ್ರಾರ್ಥನೆ ಮಾಡಿದವರಿಗೆ ಕೊಟ್ಟಿದ್ದು ಏನು ಗೊತ್ತಾ? ರೋಗಿಯ ಹೆಸರು, ಮನೆತನದ ಹೆಸರಿನ ಮೊದಲ ಅಕ್ಷರ, ಅಷ್ಟೇ. ಆಪರೇಷನ್ನಿನ ಹಿಂದಿನ ರಾತ್ರಿಯಿಂದ 14 ದಿನ. ಮುಖ ಕಂಡವರಲ್ಲ, ಕೈ ಹಿಡಿದವರಲ್ಲ. ಮತ್ತೆ "ಪ್ರಾರ್ಥನೆ ಇಲ್ಲದ" ಗುಂಪು ಅಂದರಲ್ಲ, ಆ ರೋಗಿಗಳ ಹೆಂಡತಿ ಮಕ್ಕಳು ಮನೆಯಲ್ಲಿ ಮೊಣಕಾಲೂರದಂತೆ ಯಾರಾದರೂ ತಡೆಯಲು ಆಗುತ್ತದಾ?

ನನ್ನ ಅನುಭವ ಹೇಳುತ್ತೇನೆ. ನಾನು ಡ್ಯೂಟಿಗೆ ಹೋಗುವಾಗ ಏಪ್ರನ್ ಜೇಬಿನಲ್ಲಿ ಒಂದು ಚಿಕ್ಕ ನೋಟ್‌ಬುಕ್ ಇಟ್ಟುಕೊಳ್ಳುತ್ತೇನೆ. ಬೆಡ್ ನಂಬರ್ ಬರೆಯುವುದಿಲ್ಲ. ಹೆಸರು ಬರೆಯುತ್ತೇನೆ, ಅವರ ಊರು ಬರೆಯುತ್ತೇನೆ. ಗೌರಿಬಿದನೂರು, ಬಾಗೇಪಲ್ಲಿ, ಶಿಡ್ಲಘಟ್ಟ. ತೆಲುಗು ಮಾತಾಡುವವರಿದ್ದರೆ ತೆಲುಗಿನಲ್ಲೇ ಅವರ ಹೆಸರು ಹೇಳಿ ಬೇಡಿಕೊಳ್ಳುತ್ತೇನೆ. ಎಲ್ಲರೂ ಗುಣವಾಗಿ ಹೋಗಲಿಲ್ಲ. ಅದನ್ನು ಮುಚ್ಚಿಡುವುದಿಲ್ಲ. ಆದರೆ ರಾತ್ರಿ ಒಬ್ಬರ ಹೆಸರನ್ನು ದೇವರ ಹತ್ತಿರ ಹೇಳಿದ ಮೇಲೆ ಬೆಳಗ್ಗೆ ಅವರು ಹತ್ತನೇ ಸಲ ಬೆಲ್ ಒತ್ತಿದರೂ ನನಗೆ ಅವರ ಮೇಲೆ ರೇಗಲು ಆಗುವುದಿಲ್ಲ. ಅದು ಮಾತ್ರ ನನಗೆ ಚೆನ್ನಾಗಿ ಗೊತ್ತು.

ಮುಳಬಾಗಿಲಿನ ತಂಗಿ

ನಾನು ಬರೆಯಬಾರದು ಅಂದುಕೊಂಡಿದ್ದೆ. ಬರೆದುಬಿಡುತ್ತೇನೆ.

ನನ್ನ ಗಂಡನಿಗೆ ಲಿವರ್ ಕಾಯಿಲೆ ಇತ್ತು. ಹದಿನಾಲ್ಕು ತಿಂಗಳು ಸಭೆಯವರೆಲ್ಲ ಪ್ರಾರ್ಥಿಸಿದರು. ಉಪವಾಸ ಮಾಡಿದರು. ಅವರು ತೀರಿಕೊಂಡರು. ಮಣ್ಣು ಕೊಟ್ಟು ಮೂರು ದಿನ ಆಗಿರಲಿಲ್ಲ, ಮನೆಕೂಟಕ್ಕೆ ಬಂದ ಒಬ್ಬರು ನನ್ನ ಮುಂದೆ "ಮನೆಯವರಿಗೆ ಇನ್ನೂ ಸ್ವಲ್ಪ ನಂಬಿಕೆ ಇದ್ದಿದ್ದರೆ" ಅಂದರು. ಆ ವಾಕ್ಯ ಪೂರ್ತಿ ಮಾಡಲಿಲ್ಲ. ನಾನು ಆರು ತಿಂಗಳು ಸಭೆಗೆ ಹೋಗಲಿಲ್ಲ. ನನಗಾಗಿ ಪ್ರಾರ್ಥಿಸಿ ಅಂತ ಕೇಳುವುದಕ್ಕೇ ಭಯವಾಗುತ್ತದೆ ಈಗ. ಮತ್ತೆ ಆಗದಿದ್ದರೆ ತಪ್ಪು ನನ್ನ ಮೇಲೆ ಬರುತ್ತದೆ.

ಬಂಗಾರಪೇಟೆ ಪ್ಯಾಸೆಂಜರ್

ತಂಗಿ, ಆ ಮಾತು ಸುಳ್ಳು. ಪೂರ್ತಿ ಸುಳ್ಳು. ಇದನ್ನು ಎಷ್ಟು ಜೋರಾಗಿ ಹೇಳಲಿ?

ಅಯ್ಯನವರ ಮಗ

ತಂಗಿ, ಅಪೊಸ್ತಲ ಪೌಲನು ತನ್ನ ಜೊತೆಗಾರ ತ್ರೊಫಿಮನನ್ನು ಕಾಯಿಲೆಯಲ್ಲೇ ಮಿಲೇತದಲ್ಲಿ ಬಿಟ್ಟು ಹೋದ. 2 ತಿಮೊಥೆಯ ಕೊನೆಯಲ್ಲಿ ಅವನೇ ಬರೆದಿದ್ದಾನೆ. ತಿಮೊಥೆಗೆ ಪದೇ ಪದೇ ಹೊಟ್ಟೆ ನೋವು. ತನ್ನ ಶರೀರದ ಮುಳ್ಳಿಗಾಗಿ ಪೌಲ ಮೂರು ಸಲ ಬೇಡಿದ, ಅದು ಹೋಗಲಿಲ್ಲ. ಗೆತ್ಸೇಮನೆ ತೋಟದಲ್ಲಿ ಯೇಸು ಈ ಕಷ್ಟದ ಪಾತ್ರೆ ದೂರವಾಗಲಿ ಅಂತ ಕೇಳಿದ, ಅದು ದೂರವಾಗಲಿಲ್ಲ. ಇವರಲ್ಲಿ ಯಾರಿಗೆ ನಂಬಿಕೆ ಕಡಿಮೆ ಇತ್ತು? ಮಾರ್ಕ 2ರಲ್ಲಿ ನಾಲ್ಕು ಜನ ಪಾರ್ಶ್ವವಾಯು ರೋಗಿಯನ್ನು ಚಾಪೆಯಲ್ಲಿ ಹೊತ್ತು ತಂದು, ಚಾವಣಿ ಕಿತ್ತು ಇಳಿಸಿದರು. ಯೇಸು ಅವರ ನಂಬಿಕೆಯನ್ನು ನೋಡಿದ ಅಂತ ಬರೆದಿದೆ. ಹೊತ್ತು ತಂದವರ ನಂಬಿಕೆ. ಮಲಗಿದ್ದವನಿಗೆ ಯಾರೂ ಪರೀಕ್ಷೆ ಕೊಡಲಿಲ್ಲ. ನಿಮಗೆ ನಂಬಲು ಶಕ್ತಿ ಇಲ್ಲದ ದಿನ ನೀವು ಚಾಪೆಯ ಮೇಲೆ ಮಲಗಿರಿ. ಹೊರುವುದು ನಮ್ಮ ಕೆಲಸ.

ಕೆಜಿಎಫ್ ಲೈನ್ ಮನೆ

ನಮ್ಮ ಮನೆಯಲ್ಲಿ ತಮಿಳು, ಶಾಲೆಯಲ್ಲಿ ಕನ್ನಡ ಕಲಿತದ್ದು, ತಪ್ಪಿದ್ದರೆ ತಿದ್ದಿಕೊಳ್ಳಿ.

ನಮ್ಮ ತಾತ ಚಾಂಪಿಯನ್ ರೀಫಿನಲ್ಲಿ ಕೆಳಗಿಳಿಯುತ್ತಿದ್ದರು. ಆ ಗಣಿ ಮೂರು ಕಿಲೋಮೀಟರಿಗಿಂತ ಆಳ. ಕೆಳಗೆ ಬಂಡೆ ಸಿಡಿದರೆ ಮೇಲೆ ಲೈನ್ ಮನೆಗಳಲ್ಲಿ ಪಾತ್ರೆ ಅಲುಗುತ್ತಿತ್ತು. ಪಾತ್ರೆ ಅಲುಗಿದ ತಕ್ಷಣ ನಮ್ಮ ಅಜ್ಜಿ ಒಲೆ ಆರಿಸಿ ಮೊಣಕಾಲೂರುತ್ತಿದ್ದರು. ಅಮ್ಮ ಹೇಳುವ ಪ್ರಕಾರ ಅಜ್ಜಿ ಮೊದಲು ತಾತನ ಹೆಸರು ಹೇಳುತ್ತಿರಲಿಲ್ಲ. ಆ ಶಿಫ್ಟಿನಲ್ಲಿ ಇಳಿದ ನಮ್ಮ ಲೈನಿನವರ ಹೆಸರೆಲ್ಲ ಹೇಳಿ ಕೊನೆಗೆ ತಾತನ ಹೆಸರು. ಎದುರು ಮನೆಯ ಮುನಿಯಮ್ಮ ಮಾರಮ್ಮನಿಗೆ ಹರಕೆ ಕಟ್ಟಿಕೊಂಡು ಬಾಗಿಲಲ್ಲಿ ನಿಲ್ಲುತ್ತಿದ್ದರಂತೆ. ಅಜ್ಜಿಯ ಪಟ್ಟಿಯಲ್ಲಿ ಅವರ ಗಂಡನೂ ಇದ್ದ. ಒಂದು ಸಲ ತಾತ ಬಂದರು, ಪಕ್ಕದ ಮನೆಯವರು ಬರಲಿಲ್ಲ. ಆ ರಾತ್ರಿ ಅಜ್ಜಿ ಆ ಮನೆಯಲ್ಲೇ ಮಲಗಿದರು. ಹನ್ನೊಂದು ದಿನ ಅಲ್ಲಿಗೇ ಅಡುಗೆ ಮಾಡಿ ಹೊತ್ತರು.

ಗಣಿ 2001ರ ಫೆಬ್ರವರಿ 28ಕ್ಕೆ ಮುಚ್ಚಿತು. ಅಜ್ಜಿ ಆ ಹೆಸರುಗಳನ್ನು ಹೇಳುವುದು ನಿಲ್ಲಿಸಲಿಲ್ಲ. ಈಗ ಕೆಲಸ ಹೋಗಿದೆಯಲ್ಲಾ, ಈಗ ಇನ್ನೂ ಜಾಸ್ತಿ ಬೇಕು ಅಂತಿದ್ದರು.

ವಾರ್ಡ್ ಸಿಸ್ಟರ್, ಚಿಕ್ಕಬಳ್ಳಾಪುರ

ಅಳು ಬಂತು ಅಣ್ಣ.

ಟೊಮೆಟೊ ತೋಟ, ಶ್ರೀನಿವಾಸಪುರ

ಒಂದು ಪ್ರಶ್ನೆ ನನ್ನದೂ ಇದೆ. ಬೆಲೆ ಬರಲಿ ಅಂತ ಪ್ರಾರ್ಥಿಸಿ ಎಂದು ನಾವು ಕೂಟದಲ್ಲಿ ಕೇಳುತ್ತೇವೆ. 2023ರ ಜುಲೈನಲ್ಲಿ ಕೋಲಾರ ಮಂಡಿಯಲ್ಲಿ 15 ಕೆಜಿ ಬಾಕ್ಸ್ ಎರಡು ಸಾವಿರ ದಾಟಿತ್ತು. ನಮಗೆ ಆಶೀರ್ವಾದ. ಅದೇ ವಾರ ಬೆಂಗಳೂರಿನಲ್ಲಿರುವ ನನ್ನ ಅಕ್ಕ ಸಾರಿಗೆ ಹುಣಸೆಹಣ್ಣು ಮಾತ್ರ ಹಾಕುತ್ತಿದ್ದಳು. ಹಾಗಾದರೆ ನನಗಾಗಿ ಮಾಡಿದ ಪ್ರಾರ್ಥನೆ ಅಕ್ಕನ ವಿರುದ್ಧ ಆಯಿತಾ?

ಬಂಗಾರಪೇಟೆ ಪ್ಯಾಸೆಂಜರ್

ಒಳ್ಳೆ ಪ್ರಶ್ನೆ. ಬೆಲೆಗೆ ಬದಲು ಬೆಳೆ ಉಳಿಯಲಿ, ಸಾಲ ತೀರಲಿ ಅಂತ ಕೇಳಬಹುದಲ್ಲ?

ಟೊಮೆಟೊ ತೋಟ, ಶ್ರೀನಿವಾಸಪುರ

ಬೆಳೆ ಎಲ್ಲರದ್ದೂ ಉಳಿದರೆ ಬೆಲೆ ಬೀಳುತ್ತದೆ ಅಣ್ಣ. ರಸ್ತೆಗೆ ಸುರಿದು ಬರಬೇಕಾಗುತ್ತದೆ. ಸಾಲ ಹೇಗೆ ತೀರುತ್ತದೆ?

ಅಯ್ಯನವರ ಮಗ

ಇದಕ್ಕೆ ನನ್ನ ಹತ್ತಿರ ಪೂರ್ತಿ ಉತ್ತರ ಇಲ್ಲ. ಆದರೆ ಅಕ್ಕನ ಹೆಸರನ್ನೂ ನಿಮ್ಮ ಪ್ರಾರ್ಥನೆಯಲ್ಲಿ ಸೇರಿಸಿಬಿಡಿ. ಇಬ್ಬರನ್ನೂ ಒಟ್ಟಿಗೆ ಹಿಡಿದುಕೊಂಡು ಕೇಳುವಾಗ ಬಾಯಿಗೆ ಬೇರೆ ಮಾತು ಬರುತ್ತದೆ.

ಜಪಸರ

ನಾನು ಕಥೋಲಿಕ, ಚಿಕ್ಕಬಳ್ಳಾಪುರ ಕಡೆ. ನಮ್ಮಲ್ಲಿ ಭಾನುವಾರದ ಪೂಜೆಯಲ್ಲಿ ಪ್ರಬೋಧನೆ, ವಿಶ್ವಾಸ ಪ್ರಕಟಣೆ ಆದ ಮೇಲೆ ವಿಶ್ವಾಸಿಗಳ ಪ್ರಾರ್ಥನೆ ಇರುತ್ತದೆ. ಧರ್ಮಸಭೆಗೆ, ಆಡಳಿತ ನಡೆಸುವವರಿಗೆ, ಕಷ್ಟದಲ್ಲಿರುವವರಿಗೆ, ನಮ್ಮ ಊರಿಗೆ. ಪ್ರತಿ ಬೇಡಿಕೆಗೂ ಎಲ್ಲರೂ ಒಟ್ಟಿಗೆ ಉತ್ತರಿಸುತ್ತೇವೆ. ನನಗೆ ನೆನಪಿಲ್ಲದ ದಿನವೂ ಸಭೆ ನನ್ನ ಪರವಾಗಿ ನೆನಪಿಟ್ಟುಕೊಳ್ಳುತ್ತದೆ. ನವೆಂಬರ್ 2ಕ್ಕೆ ಸಮಾಧಿಗೆ ಹೋಗಿ ತೀರಿಕೊಂಡವರಿಗೂ ಪ್ರಾರ್ಥಿಸುತ್ತೇವೆ. ಮುಳಬಾಗಿಲಿನ ತಂಗಿ, ನಿಮ್ಮ ಯಜಮಾನರಿಗಾಗಿ ಮಾಡಿದ ಪ್ರಾರ್ಥನೆ ಅವರು ತೀರಿದ ದಿನ ನಿಂತುಹೋಯಿತು ಅಂತ ನಾನು ನಂಬುವುದಿಲ್ಲ.

ಮಗ ದಾರಿ ತಪ್ಪಿದ್ದಾನೆ ಅಂತ ಅಳುವ ತಾಯಂದಿರಿಗೆ ಸಂತ ಮೋನಿಕಾರ ಕಥೆ ಗೊತ್ತಿರಬೇಕು. ಮಗ ಅಗಸ್ಟೀನನಿಗಾಗಿ ವರ್ಷಗಟ್ಟಲೆ ಕಣ್ಣೀರಿಟ್ಟರು. 387ರಲ್ಲಿ ಅವನಿಗೆ ಜ್ಞಾನಸ್ನಾನ ಆಯಿತು. ಅದೇ ವರ್ಷ ಆ ತಾಯಿ ತೀರಿಕೊಂಡರು.

ಸತ್ಯವೇದ ಮಾತ್ರ

ಕ್ಷಮಿಸಿ, ಸತ್ತವರಿಗಾಗಿ ಪ್ರಾರ್ಥನೆ, ಸಂತರ ಮೂಲಕ ಪ್ರಾರ್ಥನೆ, ಇದನ್ನು ನಾನು ಒಪ್ಪುವುದಿಲ್ಲ. ದೇವರಿಗೂ ಮನುಷ್ಯರಿಗೂ ಮಧ್ಯಸ್ಥನು ಒಬ್ಬನೇ. 1 ತಿಮೊಥೆ 2:5.

ಜಪಸರ

ಅದೇ ಅಧ್ಯಾಯದ ಮೊದಲನೇ ವಚನ ಎಲ್ಲ ಮನುಷ್ಯರಿಗಾಗಿ ವಿಜ್ಞಾಪನೆ ಮಾಡಿರಿ ಅನ್ನುತ್ತದಲ್ಲ ಬ್ರದರ್? ಮಧ್ಯಸ್ಥ ಒಬ್ಬನೇ, ಅದು ನಾವೂ ಒಪ್ಪುವ ಮಾತು. ನಿಮ್ಮ ಅಮ್ಮನಿಗೆ ನೀವು ಪ್ರಾರ್ಥಿಸಿದರೆ ಕ್ರಿಸ್ತನ ಜಾಗ ಕಿತ್ತುಕೊಂಡ ಹಾಗಾಗುತ್ತದಾ? ಸ್ವರ್ಗದಲ್ಲಿರುವವರನ್ನೂ ನಾವು ಹಾಗೆಯೇ ಕೇಳುತ್ತೇವೆ.

ಸತ್ಯವೇದ ಮಾತ್ರ

ಬದುಕಿರುವವರನ್ನು ಕೇಳುವುದು ಬೇರೆ, ತೀರಿಕೊಂಡವರನ್ನು ಕೇಳುವುದು ಬೇರೆ. ಇದರಲ್ಲಿ ನಾವು ಒಂದಾಗುವುದಿಲ್ಲ. ಆದರೆ ಮೋನಿಕಾರ ಮಾತು ಸರಿಯಾಗಿದೆ. ನನ್ನ ತಮ್ಮನಿಗಾಗಿ ಒಂಬತ್ತು ವರ್ಷದಿಂದ ಬೇಡುತ್ತಿದ್ದೇನೆ. ಕುಡಿತ. ನೀವೂ ಪ್ರಾರ್ಥಿಸಿ ಸಿಸ್ಟರ್.

ಜಪಸರ

ಇವತ್ತಿನ ಜಪಸರ ನಿಮ್ಮ ತಮ್ಮನಿಗೆ.

ತುಮಕೂರು ಬಿ.ಎಚ್. ರಸ್ತೆ

ಹೆಸರು ಹೇಳಿ ಪ್ರಾರ್ಥಿಸಿ ಅಂತ ಎಲ್ಲರೂ ಹೇಳುತ್ತಿದ್ದೀರಿ. ಅದರ ಇನ್ನೊಂದು ಮುಖ ಹೇಳುತ್ತೇನೆ. ನನ್ನ ಮಗಳು ಗಂಡನ ಮನೆಯಿಂದ ವಾಪಸ್ ಬಂದಳು. ಒಬ್ಬರಿಗೆ ಮಾತ್ರ ಹೇಳಿ ಪ್ರಾರ್ಥಿಸಲು ಕೇಳಿದೆ. ಮುಂದಿನ ಶುಕ್ರವಾರ ಕೂಟದಲ್ಲಿ ನಲವತ್ತು ಜನರ ಮುಂದೆ, ಹೆಸರು ಹಿಡಿದು, ಕಣ್ಣು ಮುಚ್ಚಿಕೊಂಡು, "ಕರ್ತನೇ, ಆ ಮಗಳ ಸಂಸಾರ ಸರಿ ಮಾಡು" ಅಂದರು. ನನ್ನ ಮಗಳು ಅಲ್ಲೇ ಕೂತಿದ್ದಳು. ಅದು ಪ್ರಾರ್ಥನೆಯಾ, ಡಂಗುರವಾ? ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ಪ್ರಾರ್ಥಿಸಿ ಅಂತ ಯೇಸು ಹೇಳಿದ್ದು ಇಂಥವರಿಗೇ.

ಬಂಗಾರಪೇಟೆ ಪ್ಯಾಸೆಂಜರ್

ಒಪ್ಪುತ್ತೇನೆ. ಆದರೆ ಎಲ್ಲವನ್ನೂ ಮುಚ್ಚಿಟ್ಟರೆ ಒಟ್ಟಿಗೆ ಪ್ರಾರ್ಥಿಸುವುದು ಹೇಗೆ ಅಕ್ಕ? ಪೇತ್ರ ಜೈಲಿನಲ್ಲಿದ್ದಾಗ ಸಭೆ ಸೇರಿಯೇ ಬೇಡಿಕೊಂಡಿತು.

ತುಮಕೂರು ಬಿ.ಎಚ್. ರಸ್ತೆ

ಜೈಲಿಗೆ ಹೋದದ್ದು ಊರಿಗೆಲ್ಲ ಗೊತ್ತಿತ್ತು. ನನ್ನ ಮಗಳ ವಿಷಯ ಗೊತ್ತಿರಲಿಲ್ಲ. ಹೇಳುವ ಮೊದಲು "ಕೂಟದಲ್ಲಿ ಹೇಳಲಾ?" ಅಂತ ಒಂದು ಮಾತು ಕೇಳಬೇಕು. ಅಷ್ಟೇ ನಾನು ಕೇಳುವುದು.

ಇನ್ನೊಂದು ಮಾತು. ನಮ್ಮವರಿಗೆ ಮಾತ್ರ ಪ್ರಾರ್ಥನೆ ಅನ್ನುವುದನ್ನೂ ಬಿಡಬೇಕು. 2019ರ ಜನವರಿಯಲ್ಲಿ ಸಿದ್ಧಗಂಗಾ ಶ್ರೀಗಳಿಗೆ ತುಂಬಾ ಹುಷಾರಿಲ್ಲದಾಗ ನಮ್ಮ ಮನೆಯ ಸಂಜೆ ಪ್ರಾರ್ಥನೆಯಲ್ಲಿ ಅವರ ಹೆಸರು ಹೇಳಿದೆವು. 111 ವರ್ಷದ ಹಿರಿಯರು, ಸಾವಿರಾರು ಮಕ್ಕಳಿಗೆ ಅನ್ನ, ಅಕ್ಷರ ಕೊಟ್ಟವರು. ನಮ್ಮ ಯಜಮಾನರ ಗೆಳೆಯರೊಬ್ಬರು ಆ ಮಠದಲ್ಲೇ ಓದಿದವರು. ಅವರಿಗೆ ಇದನ್ನು ಹೇಳಿದಾಗ ಬಹಳ ಹೊತ್ತು ಮಾತಾಡಲಿಲ್ಲ. ಶತ್ರುಗಳಿಗೂ ಪ್ರಾರ್ಥಿಸಿ ಅಂದಿದ್ದಾನೆ ಯೇಸು. ಇನ್ನು ನೆರೆಯವರಿಗೆ ಮಾಡಬೇಕೋ ಬೇಡವೋ ಅನ್ನುವ ಪ್ರಶ್ನೆ ಎಲ್ಲಿಂದ ಬರುತ್ತದೆ?

ಟೊಮೆಟೊ ತೋಟ, ಶ್ರೀನಿವಾಸಪುರ

ಅಮ್ಮ, ನಿಮ್ಮ ಮಾತು ನೂರಕ್ಕೆ ನೂರು. ಮಾರ್ಚ್ ಮೊದಲ ಶುಕ್ರವಾರ ಹೆಂಗಸರ ವಿಶ್ವ ಪ್ರಾರ್ಥನಾ ದಿನ ಮಾಡುತ್ತಾರಲ್ಲ, ನಮ್ಮ ಮನೆಯವರು ಹೋಗುತ್ತಾರೆ. ಪ್ರತಿ ವರ್ಷ ಬೇರೆ ಬೇರೆ ದೇಶದ ಹೆಂಗಸರು ಅದರ ಪ್ರಾರ್ಥನೆ ಬರೆಯುತ್ತಾರಂತೆ. 2023ರಲ್ಲಿ ತೈವಾನ್, 2024ರಲ್ಲಿ ಪ್ಯಾಲೆಸ್ತೀನ್. ಶ್ರೀನಿವಾಸಪುರದಲ್ಲಿ ಕೂತು ಪ್ಯಾಲೆಸ್ತೀನಿನ ತಾಯಂದಿರಿಗೆ ಪ್ರಾರ್ಥಿಸಿ ಬಂದ ದಿನ ಅವಳು ಊಟ ಮಾಡಲಿಲ್ಲ.

ನರಸಾಪುರ ಶಿಫ್ಟ್

ನನಗೆ ಒಂದು ಭಯ ಇದೆ. ಪ್ರಾರ್ಥಿಸಿದೆ ಅಂದುಕೊಂಡು ಕೈಕಟ್ಟಿ ಕೂರುವುದು. ನನ್ನ ರೂಮ್‌ಮೇಟಿಗೆ ಕೆಲಸ ಹೋದಾಗ ಮೂವತ್ತು ಜನ "ಪ್ರಾರ್ಥಿಸುತ್ತೇವೆ" ಅಂದರು. ಅವನ ಬಾಡಿಗೆ ಕೊಟ್ಟಿದ್ದು ಸಭೆಗೇ ಹೋಗದ ಒಬ್ಬ ಸೂಪರ್‌ವೈಸರ್.

ವಾರ್ಡ್ ಸಿಸ್ಟರ್, ಚಿಕ್ಕಬಳ್ಳಾಪುರ

ಯಾಕೋಬ 2 ಅದನ್ನೇ ಹೇಳುತ್ತದೆ. ಬಟ್ಟೆ ಇಲ್ಲದವನಿಗೆ, ಊಟ ಇಲ್ಲದವನಿಗೆ ಸಮಾಧಾನವಾಗಿ ಹೋಗು ಅಂದರೆ ಏನು ಪ್ರಯೋಜನ ಅಂತ. ಪ್ರಾರ್ಥಿಸಿ ಅಂತ 5ನೇ ಅಧ್ಯಾಯದಲ್ಲಿ ಹೇಳುವವನೂ ಅದೇ ಯಾಕೋಬ. ಎರಡೂ ಒಬ್ಬನದೇ ಪತ್ರ.

ಕೋಲಾರದ ಟೀಚರ್

ಎಲ್ಲ ಉತ್ತರವನ್ನೂ ಎರಡೆರಡು ಸಲ ಓದಿದೆ. ಇವತ್ತು ಸಂಜೆ ಸ್ಕೂಲ್ ಮುಗಿಸಿ ಅಜ್ಜಿಯ ಮನೆಗೆ ಹೋಗಿದ್ದೆ.

ನಿಜ ಹೇಳಿದೆ. "ಅಜ್ಜಿ, ನಾನು ಪ್ರಾರ್ಥನೆ ಮಾಡಿರಲಿಲ್ಲ, ಸುಮ್ನೆ ಟೈಪ್ ಮಾಡಿದ್ದೆ" ಅಂದೆ. ಅವರ ಮುಖ ಸಣ್ಣದಾಯಿತು. ಸ್ವಲ್ಪ ಹೊತ್ತು ಅಕ್ಕಿಯಲ್ಲಿ ಕಲ್ಲು ಆರಿಸುತ್ತಾ ಕೂತರು. ಆಮೇಲೆ ಮೊರ ಪಕ್ಕಕ್ಕಿಟ್ಟು, "ಸರಿ, ಈಗ ಮಾಡು" ಅಂದರು. ನಾನು ಶುರು ಮಾಡಿದೆ. ಕರ್ತನೇ, ಈ ಹುಡುಗನ ಜ್ವರ ವಾಸಿ ಮಾಡು ಅಂದೆ. ಗುಂಪಿನಲ್ಲಿ ಹಾಕಿದ್ದು ಅದೇ, ಮೊಮ್ಮಗನಿಗೆ ಜ್ವರ ಅಂತ. ಅಜ್ಜಿ ನನ್ನ ಮೊಣಕೈ ಹಿಡಿದು ನಿಲ್ಲಿಸಿದರು. "ಜ್ವರ ಅಲ್ಲಮ್ಮಾ" ಅಂದರು.

ಆಮೇಲೆ ಮುಕ್ಕಾಲು ಗಂಟೆ ಅವರು ಮಾತಾಡಿದರು. ಏನು ಅಂತ ಇಲ್ಲಿ ಬರೆಯುವುದಿಲ್ಲ. ತುಮಕೂರಿನ ಅಮ್ಮ ಬರೆದದ್ದು ಓದಿದ ಮೇಲೆ ಅಜ್ಜಿ ಗುಂಪಿನಲ್ಲಿ ಯಾಕೆ ಜ್ವರ ಅಂತ ಹಾಕಿದರು ಎಂದು ನನಗೆ ಅರ್ಥವಾಯಿತು. ಎರಡನೇ ಸಲ ಮಾಡಿದ ಪ್ರಾರ್ಥನೆ ಎರಡು ನಿಮಿಷವೂ ಇರಲಿಲ್ಲ. ಮಾತು ತಡವರಿಸಿತು. ಅವನ ಹೆಸರು ಹೇಳಿದೆ. ಅವನು ಒಳಗಿನ ಕೋಣೆಯಲ್ಲೇ ಇದ್ದ, ಬಾಗಿಲು ಅರ್ಧ ತೆರೆದಿತ್ತು. ಹೊರಡುವಾಗ ಅವನೇ ಎದ್ದು ಬಂದು ಗೇಟಿನ ಚಿಲಕ ತೆಗೆದ. ಮಾತಾಡಲಿಲ್ಲ. ಗುರುವಾರ ಅವನನ್ನು ಬೆಂಗಳೂರಿಗೆ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಬೇಕು. ಅಜ್ಜಿಗೆ ಒಬ್ಬರೇ ಹೋಗಲು ಧೈರ್ಯವಿಲ್ಲ. ನಾನು ರಜೆ ಹಾಕಿದ್ದೇನೆ.

ಬಂಗಾರಪೇಟೆ ಪ್ಯಾಸೆಂಜರ್

ರೈಲಿನಲ್ಲಾ, ಬಸ್ಸಿನಲ್ಲಾ? ರೈಲಾದರೆ ಬೆಳಗ್ಗೆ ತುಂಬಾ ನೂಕುನುಗ್ಗಲು. ಬಂಗಾರಪೇಟೆಗೆ ಬಂದು ಹತ್ತುವುದಾದರೆ ಹೇಳಿ, ನಾನು ಜಾಗ ಹಿಡಿದಿರುತ್ತೇನೆ. ಮೂರು ಸೀಟು ತಾನೇ?

ಕೋಲಾರದ ಟೀಚರ್

ಮೂರು. ಬಹಳ ಉಪಕಾರ ಅಣ್ಣ. ಮೆಸೇಜ್ ಹಾಕುತ್ತೇನೆ.

ಅಯ್ಯನವರ ಮಗ

ಹೆಸರು ಬೇಡ ಅಕ್ಕ. "ಕೋಲಾರದ ಹುಡುಗ, ಗುರುವಾರ" ಅಂತ ಬರೆದುಕೊಂಡಿದ್ದೇನೆ.

ಮುಳಬಾಗಿಲಿನ ತಂಗಿ

ಟೀಚರ್ ಅಕ್ಕ, ನಿಮ್ಮ ಪ್ರಾರ್ಥನೆಯಲ್ಲಿ ನನಗೂ ಒಂದು ಸಾಲು ಇದೆಯಾ? ಏನು ಬೇಡಬೇಕು ಅಂತ ನನಗೂ ಗೊತ್ತಿಲ್ಲ. ಈ ಭಾನುವಾರ ಸಭೆಗೆ ಹೋಗೋಣ ಅಂತಿದ್ದೇನೆ. ಹಿಂದಿನ ಬೆಂಚಿನಲ್ಲಿ ಕೂರುತ್ತೇನೆ.

ಕೋಲಾರದ ಟೀಚರ್

ಈಗಲೇ ಮಾಡಿದೆ ತಂಗಿ. ಮಾಡಿಯೇ ಟೈಪ್ ಮಾಡುತ್ತಿದ್ದೇನೆ.

ವಾರ್ಡ್ ಸಿಸ್ಟರ್, ಚಿಕ್ಕಬಳ್ಳಾಪುರ

ನನಗೆ ಇವತ್ತು ನೈಟ್ ಡ್ಯೂಟಿ. ಎರಡು ಗಂಟೆ ಹೊತ್ತಿಗೆ ವಾರ್ಡ್ ಸುಮ್ಮನಾಗುತ್ತದೆ. ಆ ಹುಡುಗ, ತಂಗಿ, ಬ್ರದರ್ ಅವರ ತಮ್ಮ, ಟೊಮೆಟೊ ತೋಟದ ಅಣ್ಣ ಮತ್ತು ಅವರ ಅಕ್ಕ. ಐದು ಜನ. ಬಿಟ್ಟುಹೋದವರಿದ್ದರೆ ಎರಡಕ್ಕೆ ಮುಂಚೆ ಬರೆಯಿರಿ.

ಕೆಜಿಎಫ್ ಲೈನ್ ಮನೆ

ನಮ್ಮ ಅಮ್ಮನಿಗೆ ನಾಳೆ ಕಣ್ಣಿನ ಆಪರೇಷನ್. ಬಲಗಣ್ಣು.